ಥ್ರಿಲ್ಲರ್ ಕಿರುಚಿತ್ರ ಮಾಡುವವರಿಗೆ: ಮೊದಲು ಮ್ಯೂಸಿಕ್ ಮ್ಯೂಟ್ ಮಾಡಿ

ಭಯದ ಸೀನ್ ಬಂದ ತಕ್ಷಣ 'ಢಂ' ಅಂತ ಮ್ಯೂಸಿಕ್ ತುಂಬಬೇಡಿ. ಮೊದಲ ಸಲ ಜನ ಬೆಚ್ಚುತ್ತಾರೆ, ಮೂರನೇ ಸಲ ನಗುತ್ತಾರೆ. ಆ ಜಾಗದಲ್ಲೇ ಏನು ಕೇಳಿಸುತ್ತೆ ಅಂತ ಮೊದಲು ನೋಡಿ.

ಶಿಡ್ಲಘಟ್ಟದ ಹತ್ತಿರ ಒಂದು ರೇಷ್ಮೆ ಹುಳು ಮನೆಯಲ್ಲಿ ನಾವು ಶೂಟ್ ಮಾಡಿದೆವು. ನಾಲ್ಕನೇ ಜ್ವರ (ಹುಳು ತಿನ್ನುವುದು ಬಿಟ್ಟು ಪೊರೆ ಕಳಚುವ ಹಂತ) ಎದ್ದ ಹುಳುಗಳಿಗೆ ಆಗಷ್ಟೇ ಸೊಪ್ಪು ಹಾಕಿದ್ದರು. ಹೊರಗೆ ಸುಡುಬಿಸಿಲು, ಒಳಗೆ ತುಂತುರು ಮಳೆ ಬಿದ್ದ ಹಾಗೆ ಚರಚರ ಸದ್ದು! ಮೊಬೈಲನ್ನು ಹುಳುಗಳ ತಟ್ಟೆಯಿಂದ ಒಂದು ಗೇಣು ದೂರ ಹಿಡಿದು ರೆಕಾರ್ಡ್ ಮಾಡಿಕೊಂಡೆವು. ನಾಯಕಿ ಬಾಗಿಲ ಹತ್ತಿರ ಬರುತ್ತಿದ್ದಂತೆ ಅದನ್ನೇ ಸ್ವಲ್ಪಸ್ವಲ್ಪ ಏರಿಸಿದೆವು. ಚಿಲಕ ಮುಟ್ಟಿದಾಗ ಪಟ್ಟನೆ ಕಟ್. ಎರಡೇ ಸೆಕೆಂಡ್ ಮೌನ. ಎಡಿಟ್ ಮಾಡಿದ ನನಗೇ ಮೈ ಜುಮ್ಮೆಂದಿತು.

ಆದರೆ ಮೌನ ಅಂದರೆ ಸೊನ್ನೆ ಸದ್ದಲ್ಲ. ಪೂರ್ತಿ ಸೊನ್ನೆ ಮಾಡಿದರೆ ಫೈಲ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಶೂಟ್ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ, ಖಾಲಿ ಕೋಣೆಯ ಸದ್ದನ್ನು 1 ನಿಮಿಷ ರೆಕಾರ್ಡ್ ಮಾಡಿ, ಆ ಮೌನದ ಜಾಗಕ್ಕೆ ಹಾಕಿ. ನಮ್ಮಲ್ಲಿ ಒಬ್ಬರಿಗೆ ಆಗಲೇ ಕೆಮ್ಮು ಬರುತ್ತೆ, ಏನು ಮಾಡೋದು!

ಗುಂಯ್ ಅನ್ನುವ ತಗ್ಗು ಸದ್ದು ಎದೆ ಬಿಗಿಯಾಗಿಸುತ್ತದೆ, ನಿಜ. ಆದರೆ 100 ಹರ್ಟ್ಜ್‌ಗಿಂತ ಕೆಳಗಿನದು ಮೊಬೈಲ್ ಸ್ಪೀಕರಿನಲ್ಲಿ ಹೆಚ್ಚುಕಮ್ಮಿ ಕೇಳಿಸುವುದೇ ಇಲ್ಲ. ಜಾಸ್ತಿ ಜನ ನೋಡುವುದು ಮೊಬೈಲಿನಲ್ಲೇ ಅಲ್ವಾ? ಹೆಡ್‌ಫೋನ್ ತೆಗೆದಿಟ್ಟು ಮೊಬೈಲ್ ಸ್ಪೀಕರಿನಲ್ಲೂ ಒಮ್ಮೆ ಕೇಳಿ ನೋಡಿ.