ವೆಬ್‌ಸೈಟ್ ಬೇಕಾ? ಮೊದಲು ಒಂದು ನೋಟ್‌ಬುಕ್ ತಗೊಳ್ಳಿ

ಸಣ್ಣ ವ್ಯಾಪಾರಕ್ಕೊಂದು ವೆಬ್‌ಸೈಟ್ ಮಾಡಿಕೊಡಿ ಎಂದು ಬರುವವರು ಮೊದಲು ಎತ್ತುವುದು ಬಣ್ಣದ ಮಾತು. "ನೀಲಿ ಇರಲಿ, ಆದ್ರೆ ಸ್ವಲ್ಪ ರಿಚ್ ಆಗಿ ಕಾಣ್ಬೇಕು." ಆಮೇಲೆ ಲೋಗೊ. ಅದಾದ ಮೇಲೆ, ಮುಖಪುಟದಲ್ಲಿ ದೊಡ್ಡ ದೊಡ್ಡ ಫೋಟೊಗಳು ತಾವಾಗಿಯೇ ಸರಿಯುತ್ತಿರಬೇಕು ಅನ್ನುವ ಆಸೆ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ನಾನೂ ಇದೇ ಕ್ರಮದಲ್ಲಿ ಮಾಡಿಕೊಡುತ್ತಿದ್ದೆ. ಈಗ ಮೊದಲ ಭೇಟಿಯಲ್ಲಿ ಬಣ್ಣದ ಸುದ್ದಿಗೇ ಹೋಗುವುದಿಲ್ಲ. ಒಂದು ನೋಟ್‌ಬುಕ್ ತಗೊಂಡು ಫೋನಿನ ಪಕ್ಕ ಇಡಿ, ಎರಡು ವಾರ ಬಿಟ್ಟು ಬನ್ನಿ ಅನ್ನುತ್ತೇನೆ. ಕೆಲವರು ಬೇಜಾರು ಮಾಡಿಕೊಂಡು ಹೋಗುತ್ತಾರೆ. ಹೋಗಲಿ.

ಮೊದಲ ಹೆಜ್ಜೆ: ಪ್ರಶ್ನೆ ಬರೆದಿಡಿ

ಆ ನೋಟ್‌ಬುಕ್‌ನಲ್ಲಿ ಬರೆಯಬೇಕಾದದ್ದು ಗ್ರಾಹಕರು ಕೇಳಿದ ಪ್ರಶ್ನೆ, ಅದೂ ಅವರದೇ ಮಾತಿನಲ್ಲಿ. ಸೈಕಲ್ ರಿಪೇರಿ ಮಾಡುವವರು ಎಂದಿಟ್ಟುಕೊಳ್ಳಿ. "ಇವತ್ತು ತೆಗೆದಿದ್ದೀರಾ?" "ಗೇರ್ ಸೈಕಲ್ ಮಾಡ್ತೀರಾ?" "ಯಾವಾಗ ಸಿಗುತ್ತೆ?" "ಎಷ್ಟಾಗುತ್ತೆ?" ಇಂಥವು ಬರುತ್ತವೆ. ಅದೇ ಪ್ರಶ್ನೆ ಮತ್ತೆ ಬಂದರೆ ಪಕ್ಕದಲ್ಲಿ ಒಂದು ಗೀಟು ಎಳೆಯಿರಿ, ಸಾಕು.

ಎರಡು ವಾರಕ್ಕೆ ಐದಾರು ಪ್ರಶ್ನೆಗಳ ಮುಂದೆ ಗೀಟು ಸಾಲುಗಟ್ಟಿರುತ್ತವೆ. ನಿಮ್ಮ ವೆಬ್‌ಸೈಟಿನ ಮೊದಲ ಪರದೆ ಅದೇ. ನಿಮ್ಮ ಬ್ರಾಂಡಿನ ಮಾತು ಅಲ್ಲಿಂದಲೇ ಬರಬೇಕು. ಮುಂದಿನ ಮೂರು ತಿಂಗಳ ಪೋಸ್ಟ್‌ಗಳೂ ಅಲ್ಲೇ ಇವೆ. "ನಮ್ಮ ಬಗ್ಗೆ ಏನು ಹೇಳಿಕೊಳ್ಳೋಣ?" ಎಂದು ತಲೆ ಕೆರೆದುಕೊಳ್ಳುವ ಬದಲು ಜನ ಏನು ಕೇಳುತ್ತಿದ್ದಾರೆ ಎಂದು ನೋಡಿದರೆ ಅರ್ಧ ಕೆಲಸ ಹಗುರವಾಗುತ್ತದೆ.

ವಿಳಾಸ ನಿಮ್ಮ ಹೆಸರಿನಲ್ಲೇ ಇರಲಿ

ಎರಡನೆಯದು ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ. ಚಿಕ್ಕದಾಗಿರಲಿ, ಫೋನಿನಲ್ಲಿ ಒಮ್ಮೆ ಹೇಳಿದರೆ ಬರೆದುಕೊಳ್ಳುವಂತಿರಲಿ. ನಡುವೆ ಅಡ್ಡಗೆರೆ, ಅಂಕಿ ಬೇಡ. ಡೊಮೇನನ್ನು ಕೊಂಡುಬಿಡುವುದು ಅಂತ ಇಲ್ಲ. ವರ್ಷದ ಲೆಕ್ಕದಲ್ಲಿ ನೋಂದಾಯಿಸುವುದು ಅಷ್ಟೇ. ಡಾಟ್ ಕಾಮ್ ಹೆಸರನ್ನು ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷಕ್ಕೆ ಹಿಡಿದಿಡಬಹುದು.

ಇಲ್ಲಿ ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿಯಿರಿ. ಸೈಟ್ ಯಾರೇ ಮಾಡಿಕೊಡಲಿ, ಡೊಮೇನ್ ನೋಂದಣಿ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಪಾಸ್‌ವರ್ಡ್‌ನಲ್ಲಿ ಇರಬೇಕು. ಡಿಸೈನರ್ ಹೆಸರಿನಲ್ಲಿದ್ದರೆ ಅವರ ಜೊತೆ ಮಾತು ಬಿಟ್ಟ ದಿನ ನಿಮ್ಮ ವಿಳಾಸವೂ ಅವರ ಹತ್ತಿರವೇ ಉಳಿಯುತ್ತದೆ. ಇಷ್ಟೆಲ್ಲ ಹೇಳುವ ನಾನೇ ಒಮ್ಮೆ ನನ್ನ ಡೊಮೇನ್ ಕಳೆದುಕೊಳ್ಳುವುದರಲ್ಲಿದ್ದೆ. ರಿನ್ಯೂ ಮಾಡಿ ಎನ್ನುವ ಮೇಲ್‌ಗಳು ನಾನು ಯಾವತ್ತೋ ಕೈಬಿಟ್ಟಿದ್ದ ಹಳೇ ಇಮೇಲ್‌ಗೆ ಹೋಗುತ್ತಿದ್ದವು. ಸೈಟ್ ತೆರೆಯುತ್ತಿಲ್ಲ ಎಂದು ಗ್ರಾಹಕರೊಬ್ಬರು ಹೇಳಿದ ಮೇಲೆ ನನಗೆ ಗೊತ್ತಾಯಿತು.

"ಇನ್‌ಸ್ಟಾಗ್ರಾಂ ಪುಟ ಇದೆಯಲ್ಲ, ಡೊಮೇನ್ ಯಾಕೆ?" ಎಂದು ಕೇಳುವವರಿದ್ದಾರೆ. ಇನ್‌ಸ್ಟಾಗ್ರಾಂಗೂ ಮೊದಲು ಜನ ಸೇರುತ್ತಿದ್ದ ಆರ್ಕುಟ್ ನೆನಪಿದೆಯಾ? 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಅಂಥದ್ದೇ ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಸಾಮಾನ್ಯ ಬಳಕೆದಾರರಿಗೆ ಮುಚ್ಚಿತು. ಗೂಗಲ್ ಮ್ಯಾಪ್‌ನಲ್ಲಿ ವ್ಯಾಪಾರದ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಪುಕ್ಕಟೆ ವೆಬ್‌ಸೈಟ್ ಮಾಡಿಕೊಂಡಿದ್ದ ಸಣ್ಣ ವ್ಯಾಪಾರಿಗಳ ಪುಟಗಳೆಲ್ಲ 2024ರ ಮಾರ್ಚ್‌ನಲ್ಲಿ ನಿಂತುಹೋದವು. ಸ್ವಂತ ಡೊಮೇನ್ ಇದ್ದವರು ಅದನ್ನೇ ಇನ್ನೊಂದು ಸೈಟಿಗೆ ತಿರುಗಿಸಿಕೊಂಡು ಮುಂದುವರಿಯಬಹುದಿತ್ತು. ಇಲ್ಲದವರು ವಿಸಿಟಿಂಗ್ ಕಾರ್ಡ್‌ನಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಅಚ್ಚು ಹಾಕಿಸಬೇಕಾಯಿತು.

ಮೂರನೇ ಹೆಜ್ಜೆ: ಪುಟ ಕಟ್ಟುವುದು

ಇನ್ನು ಪುಟ. ಕಂಪ್ಯೂಟರ್ ಪರದೆಯ ಮೇಲೆ ಡಿಸೈನ್ ತೋರಿಸಿದರೆ ಒಪ್ಪಬೇಡಿ, ಮೊಬೈಲಿನಲ್ಲಿ ತೋರಿಸಿ ಅನ್ನಿ. ಗೂಗಲ್ ಕೂಡ ಈಗ ನಿಮ್ಮ ಸೈಟಿನ ಮೊಬೈಲ್ ರೂಪವನ್ನೇ ಮುಖ್ಯವಾಗಿ ಓದಿಕೊಳ್ಳುತ್ತದೆ. ಮೊಬೈಲಿನಲ್ಲಿ ಇಲ್ಲದ ಮಾಹಿತಿ ಅದರ ಪಾಲಿಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಮೊದಲ ಪರದೆಯಲ್ಲಿ, ಅಂದರೆ ಬೆರಳು ಆಡಿಸುವ ಮೊದಲೇ ಕಾಣುವ ಜಾಗದಲ್ಲಿ, ಏನು ಬರೆಯಬೇಕು? ಬಹಳ ಸೈಟುಗಳಲ್ಲಿ ಹೀಗಿರುತ್ತದೆ: "ಗುಣಮಟ್ಟವೇ ನಮ್ಮ ಧ್ಯೇಯ, ಗ್ರಾಹಕರ ತೃಪ್ತಿಯೇ ನಮ್ಮ ಗುರಿ." ಇದನ್ನು ಸೈಕಲ್ ರಿಪೇರಿಯವರೂ ಬರೆಯಬಹುದು, ಕನ್ನಡಕ ಮಾರುವವರೂ ಬರೆಯಬಹುದು. ನೋಟ್‌ಬುಕ್ ತೆಗೆದು ನೋಡಿ ಬರೆದರೆ ಹೀಗಾಗುತ್ತದೆ: "ಸಾದಾ ಸೈಕಲ್, ಗೇರ್ ಸೈಕಲ್ ರಿಪೇರಿ. ಬೆಳಿಗ್ಗೆ ಬಿಟ್ಟರೆ ಸಂಜೆಗೆ ರೆಡಿ. ಭಾನುವಾರವೂ ತೆರೆದಿರುತ್ತೇವೆ." ಕೆಳಗೆ ಫೋನ್ ಮಾಡುವ ಬಟನ್. ನಾಲ್ಕು ಪ್ರಶ್ನೆಗಳಲ್ಲಿ ಮೂರಕ್ಕೆ ಅಲ್ಲೇ ಉತ್ತರ ಸಿಕ್ಕಿತು. ನಾಲ್ಕನೆಯದು ದರದ್ದು. ಕೆಲಸ ನೋಡದೆ ಹೇಳಲಾಗದಿದ್ದರೆ, ಇಂತಿಂಥ ಕೆಲಸಕ್ಕೆ ಇಷ್ಟರಿಂದ ಶುರು ಎಂದಾದರೂ ಹಾಕಿ. ದರ ಮುಚ್ಚಿಟ್ಟ ಸೈಟ್ ನೋಡಿದವರು ಜಾಸ್ತಿಯೇ ಇರಬೇಕು ಅಂದುಕೊಂಡು ಹೊರಟುಹೋಗುತ್ತಾರೆ.

ಫೋನ್ ಬಟನ್ ಬಗ್ಗೆ ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಒಮ್ಮೆ ನಾನು ಮಾಡಿದ ಸೈಟನ್ನೇ ಪರಿಚಯದ ಒಬ್ಬರ ಕೈಗೆ ಕೊಟ್ಟು, "ಇವರಿಗೊಂದು ಫೋನ್ ಮಾಡಿ" ಅಂದಿದ್ದೆ. ಅವರು ಹೆಬ್ಬೆರಳಿನಲ್ಲಿ ಪುಟ ಜಾರಿಸುತ್ತಾ ಕೆಳಗಿನವರೆಗೂ ಹೋದರು. ವಾಪಸ್ ಮೇಲೆ ಬಂದರು. ಮೂರು ಗೆರೆಯ ಮೆನು ಒತ್ತಿದರು. 'ಸಂಪರ್ಕಿಸಿ' ಸಿಕ್ಕಿತು. ಅಲ್ಲಿ ನಂಬರ್ ಇತ್ತು. ಒತ್ತಿದರು, ಏನೂ ಆಗಲಿಲ್ಲ. ಇನ್ನೊಮ್ಮೆ ಜೋರಾಗಿ ಒತ್ತಿದರು. ಚೆನ್ನಾಗಿ ಕಾಣಲಿ ಎಂದು ಆ ನಂಬರನ್ನು ನಾನು ಫೋಟೊದೊಳಗೇ ಸೇರಿಸಿಬಿಟ್ಟಿದ್ದೆ. ಒತ್ತಿದರೆ ಕರೆ ಹೋಗುವುದೂ ಇಲ್ಲ, ಕಾಪಿ ಮಾಡಲೂ ಆಗುವುದಿಲ್ಲ. ಕೊನೆಗೆ ಅವರು ನನ್ನ ಕಡೆ ತಿರುಗಿ, "ಪೆನ್ ಇದೆಯಾ?" ಅಂದರು. ನಂಬರ್, ವಿಳಾಸ, ಸಮಯ ಯಾವತ್ತೂ ಅಕ್ಷರದಲ್ಲೇ ಇರಲಿ. ನಂಬರ್ ಒತ್ತಿದರೆ ಕರೆ ಹೋಗಬೇಕು, ವಿಳಾಸ ಒತ್ತಿದರೆ ಮ್ಯಾಪ್ ತೆರೆಯಬೇಕು.

ಸೈಟ್ ನಿಧಾನವಾಗಿದ್ದರೆ ಹತ್ತರಲ್ಲಿ ಒಂಬತ್ತು ಸಲ ತಪ್ಪು ಫೋಟೊಗಳದ್ದು. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ 3-4 ಎಂಬಿ ಇರುತ್ತದೆ. ಅದನ್ನು ಹಾಗೇ ಏರಿಸಬೇಡಿ. ಅಗಲವನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ (ಫೋಟೊವನ್ನು ಹಗುರ ಮಾಡುವ ಫೈಲ್ ಬಗೆ) ರೂಪದಲ್ಲಿ ಉಳಿಸಿದರೆ ಸಾಮಾನ್ಯವಾಗಿ 200-300 ಕೆಬಿಗೆ ಬಂದು ನಿಲ್ಲುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎನ್ನುವುದು ಗೂಗಲ್ ಇಟ್ಟುಕೊಂಡಿರುವ ಅಳತೆ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಅವರ ಉಚಿತ ಪುಟದಲ್ಲಿ ನಿಮ್ಮ ವಿಳಾಸ ಹಾಕಿದರೆ ಎಷ್ಟಾಗುತ್ತಿದೆ ಎಂದು ತೋರಿಸುತ್ತದೆ. ಹಾಂ, ಆ ಸರಿಯುವ ಫೋಟೊಗಳು? ಬೇಡ. ಎರಡನೇ ಫೋಟೊ ಬರುವ ಹೊತ್ತಿಗೆ ಜನ ಕೆಳಗೆ ಹೋಗಿರುತ್ತಾರೆ. ಒಂದೇ ಒಳ್ಳೆ ಫೋಟೊ ಹಾಕಿ, ಅದೂ ನಿಮ್ಮ ಕೈ ಕೆಲಸ ಮಾಡುತ್ತಿರುವುದು.

ಅಕ್ಷರ ಓದಲು ಬರುವಂತಿರಲಿ. ತಿಳಿ ಬೂದು ಅಕ್ಷರ ಬಿಳಿಯ ಮೇಲೆ ಡಿಸೈನರಿಗೆ ಚಂದ, ಬಿಸಿಲಿನಲ್ಲಿ ನಿಂತು ಓದುವವರಿಗೆ ಶಿಕ್ಷೆ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ (ಕಾಂಟ್ರಾಸ್ಟ್) ಇರಬೇಕು ಎಂದು ವೆಬ್ ಮಾನದಂಡ ಹೇಳುತ್ತದೆ. ಇದನ್ನು ಅಳೆಯುವ ಪುಕ್ಕಟೆ ಸಾಧನಗಳು ಬೇಕಾದಷ್ಟಿವೆ. ಕನ್ನಡದಲ್ಲಿ ಬರೆಯುವುದಾದರೆ ಯೂನಿಕೋಡ್‌ನಲ್ಲೇ, ಅಂದರೆ ಮೊಬೈಲಿನ ಕನ್ನಡ ಕೀಬೋರ್ಡ್ ಬಳಸುವ ಅಕ್ಷರದಲ್ಲೇ ಬರೆಯಿರಿ, ಇಲ್ಲದಿದ್ದರೆ ಹುಡುಕಿದವರಿಗೆ ಸಿಗುವುದಿಲ್ಲ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಸ್ವಲ್ಪ ಜಾಸ್ತಿ ಜಾಗ ಬಿಡಿ, ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ತಾಗಬಾರದು ಅಲ್ವಾ?

ವಿಳಾಸದ ಮುಂದೆ ಎಚ್‌ಟಿಟಿಪಿಎಸ್ (https) ಇರಲೇಬೇಕು, ಅಂದರೆ ಸೈಟಿಗೂ ನೋಡುವವರಿಗೂ ನಡುವೆ ಹೋಗುವ ಮಾಹಿತಿಯನ್ನು ಬೇರೆಯವರು ಓದದಂತೆ ಕಾಯುವ ವ್ಯವಸ್ಥೆ. ಅದಿಲ್ಲದ ಸೈಟುಗಳಿಗೆ ಕ್ರೋಮ್ 2018ರ ಜುಲೈನಿಂದ 'ಸುರಕ್ಷಿತವಲ್ಲ' ಎಂದು ಹಣೆಪಟ್ಟಿ ಹಚ್ಚುತ್ತಿದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಇದಕ್ಕೆ ಬೇಕಾದ ಸರ್ಟಿಫಿಕೇಟನ್ನು ಉಚಿತವಾಗಿಯೇ ಕೊಡುತ್ತದೆ. ಆದ್ದರಿಂದ ಯಾರಾದರೂ ಇದಕ್ಕೆಂದೇ ದೊಡ್ಡ ಬಿಲ್ ಕೊಟ್ಟರೆ ಯಾಕೆ ಎಂದು ಕೇಳಿ.

ಲೋಗೊ, ಬಣ್ಣ, ಮಾತು

ಈಗ ಬಣ್ಣಕ್ಕೆ ಬರೋಣ. ಎರಡು ಸಾಕು: ಒಂದು ಮುಖ್ಯ, ಒಂದು ಬಟನ್‌ಗಳಿಗೆ. ಅವುಗಳ ಕೋಡ್, ಅಂದರೆ ಕಂಪ್ಯೂಟರಿನಲ್ಲಿ ಆ ಬಣ್ಣವನ್ನು ಗುರುತಿಸುವ ಅಂಕಿ-ಅಕ್ಷರ, ಬರೆದಿಟ್ಟುಕೊಳ್ಳಿ. 'ನೀಲಿ' ಎಂದರೆ ಬೋರ್ಡ್ ಬರೆಯುವವರ ನೀಲಿ ಬೇರೆ, ಕಾರ್ಡ್ ಅಚ್ಚು ಹಾಕುವವರ ನೀಲಿ ಬೇರೆ. ಕೋಡ್ ಕೊಟ್ಟರೆ ಎಲ್ಲರೂ ಹತ್ತಿರ ಹತ್ತಿರ ಒಂದೇ ನೀಲಿಗೆ ಬರುತ್ತಾರೆ.

ಲೋಗೊ ಆರಿಸುವಾಗ ನಾನು ಎರಡು ಪರೀಕ್ಷೆ ಮಾಡುತ್ತೇನೆ. ಬ್ರೌಸರ್ ಟ್ಯಾಬ್‌ನಲ್ಲಿ ಬರುವ ಪುಟಾಣಿ ಐಕಾನ್ ಇರುತ್ತದಲ್ಲ, ಬರೀ 16 ಪಿಕ್ಸೆಲ್ ಅಗಲ, ಅಷ್ಟಕ್ಕೆ ಇಳಿಸಿದರೂ ಏನೆಂದು ಗೊತ್ತಾಗಬೇಕು. ಕಪ್ಪು ಬಿಳುಪಿನಲ್ಲಿ ಜೆರಾಕ್ಸ್ ಮಾಡಿದರೂ ಗುರುತು ಸಿಗಬೇಕು. ಇವೆರಡರಲ್ಲಿ ಪಾಸಾದರೆ ಮುಗಿಯಿತು. ಮಾಡಿಕೊಟ್ಟವರಿಂದ ಎಸ್‌ವಿಜಿ ಫೈಲ್ ಕೇಳಿ ಪಡೆಯಿರಿ. ಅದನ್ನು ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೊ ನಂಬಿಕೊಂಡು ಬೋರ್ಡ್ ಮಾಡಿಸಿದರೆ ಮಸುಕು ಮಸುಕಾಗಿ ಬರುತ್ತದೆ.

ಒಮ್ಮೆ ಆರಿಸಿದ ಮೇಲೆ ಕೈ ತುರಿಸಿದಾಗಲೆಲ್ಲ ಬದಲಾಯಿಸಬೇಡಿ. ಗ್ಯಾಪ್ ಎಂಬ ಬಟ್ಟೆ ಕಂಪನಿ 2010ರ ಅಕ್ಟೋಬರ್‌ನಲ್ಲಿ ಹೊಸ ಲೋಗೊ ತಂದು, ಜನರ ಟೀಕೆ ತಾಳಲಾರದೆ ಸುಮಾರು ಒಂದೇ ವಾರದಲ್ಲಿ ಹಳೆಯದಕ್ಕೆ ಮರಳಿತು. ಅಷ್ಟು ದೊಡ್ಡವರು ತಡೆದುಕೊಂಡಾರು. ನಿಮ್ಮ ಬೋರ್ಡಿನ ಬಣ್ಣ ನೋಡಿಯೇ ಗುರುತು ಹಿಡಿಯುವ ಹಳೇ ಗಿರಾಕಿಗಳಿದ್ದರೆ ಆ ಗುರುತು ಅಳಿಸಬೇಡಿ.

ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಕಡೆ ಅಕ್ಷರಶಃ ಒಂದೇ ರೀತಿ ಇರಲಿ. ಒಂದು ಕಡೆ ಹಳೇ ನಂಬರ್, ಇನ್ನೊಂದು ಕಡೆ ಹೊಸದು ಇದ್ದರೆ ಗೂಗಲ್‌ಗೂ ಗೊಂದಲ, ಗಿರಾಕಿಗೂ ಗೊಂದಲ.

ಮ್ಯಾಪ್‌ನಲ್ಲಿ ಕಾಣಿಸಿಕೊಳ್ಳಿ

ಇದಕ್ಕೆ ಹೆಚ್ಚು ಹೊತ್ತು ಬೇಡ. ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ವೆಬ್‌ಸೈಟ್ ಸೌಲಭ್ಯ ನಿಂತಿದೆ, ಪ್ರೊಫೈಲ್ ಇದೆ. ಖಾತೆ ತೆರೆದು, ಅವರು ಕೇಳುವ ಪರಿಶೀಲನೆ ಮುಗಿಸಿ, ಸಮಯ ಹಾಕಿ, ಹತ್ತು ನಿಜವಾದ ಫೋಟೊ ಏರಿಸಿ. ರಜೆ ಇರುವ ದಿನದ ಸಮಯ ಬದಲಿಸಲು ಮರೆಯಬೇಡಿ. ಮುಚ್ಚಿದ ಬಾಗಿಲು ನೋಡಿ ವಾಪಸಾದವರು ಸಿಟ್ಟಿನಿಂದ ಬರೆಯುವ ರಿವ್ಯೂ ಬಹಳ ದಿನ ಉಳಿಯುತ್ತದೆ. ರಿವ್ಯೂ ಬರೆಯಲು ಕೇಳಬಹುದು, ಆದರೆ ಅದಕ್ಕೆ ಬದಲಾಗಿ ಡಿಸ್ಕೌಂಟ್ ಕೊಡುವುದು ಗೂಗಲ್ ನಿಯಮಕ್ಕೆ ವಿರುದ್ಧ. ಕೆಟ್ಟ ರಿವ್ಯೂ ಬಂದರೆ ಒಂದು ರಾತ್ರಿ ಬಿಟ್ಟು ಎರಡು ಸಾಲಿನ ಉತ್ತರ ಕೊಡಿ. ಅದೇ ಕ್ಷಣ ಬರೆದರೆ ಜಗಳವಾಗುತ್ತದೆ.

ಸೋಷಿಯಲ್ ಮೀಡಿಯಾ: ಒಂದೇ ಹಿಡಿಯಿರಿ

ಐದು ಕಡೆ ಖಾತೆ ತೆರೆದು ಐದೂ ಕಡೆ ಕೊನೆಯ ಪೋಸ್ಟ್ ಹೋದ ವರ್ಷದ್ದಾಗಿದ್ದರೆ, ನೋಡಿದವರು ವ್ಯಾಪಾರ ನಿಂತಿದೆ ಅಂದುಕೊಳ್ಳುತ್ತಾರೆ. ನಿಮ್ಮ ಗಿರಾಕಿಗಳು ಯಾವುದನ್ನು ನೋಡುತ್ತಾರೆ ಎಂದು ಹತ್ತು ಜನರನ್ನು ಕೇಳಿ, ಅದೊಂದನ್ನೇ ಹಿಡಿಯಿರಿ. ವಾರಕ್ಕೆ ಎರಡು ಪೋಸ್ಟ್ ಸಾಕು. ಮೊದಲ ವಾರ ಹದಿನಾಲ್ಕು ಹಾಕಿ ಆಮೇಲೆ ಮಾಯವಾಗುವುದಕ್ಕಿಂತ ಎಷ್ಟೋ ವಾಸಿ.

ಏನು ಹಾಕುವುದು? ಹೂವಿನ ಚಿತ್ರದ 'ಶುಭ ಮುಂಜಾನೆ' ದಯವಿಟ್ಟು ಬೇಡ. ನೋಟ್‌ಬುಕ್ ತೆರೆಯಿರಿ. "ಚೈನ್ ಪದೇ ಪದೇ ಯಾಕೆ ಕಳಚುತ್ತೆ?" ಎಂದು ಯಾರೋ ಕೇಳಿದ್ದಾರೆ. ಫೋನನ್ನು ಉದ್ದಕ್ಕೆ ಹಿಡಿದು, 9ಕ್ಕೆ 16ರ ಅಳತೆಯಲ್ಲಿ, ಬೆಳಕಿರುವ ಕಡೆ ಶೂಟ್ ಮಾಡಿ. ಮೊದಲ ಶಾಟ್‌ನಲ್ಲೇ ಕಳಚಿ ಜೋತುಬಿದ್ದ ಚೈನ್ ಕಾಣಲಿ. ನಮಸ್ಕಾರ, ಪರಿಚಯ, ಲೋಗೊ ಕುಣಿಯುವುದು ಯಾವುದೂ ಬೇಡ. ಎರಡನೆಯದರಲ್ಲಿ ಸವೆದು ಚೂಪಾದ ಹಲ್ಲಿನ ಚಕ್ರ, ಪಕ್ಕದಲ್ಲಿ ಹೊಸದು. ಮೂರನೆಯದರಲ್ಲಿ ನಿಮ್ಮ ಕೈ ಅದನ್ನು ಬದಲಾಯಿಸುತ್ತಿದೆ. ಮೂವತ್ತು ಸೆಕೆಂಡಿನಲ್ಲಿ ಮುಗಿಸಿ. ಸೌಂಡ್ ಆಫ್ ಮಾಡಿಕೊಂಡು ನೋಡುವವರಿಗೆ ಹೇಳಿದ್ದನ್ನು ಅಕ್ಷರದಲ್ಲೂ ಹಾಕಿ. ಮುಖ ತೋರಿಸಲು ನಾಚಿಕೆಯಾದರೆ ಪರವಾಗಿಲ್ಲ, ಕೈ ಸಾಕು.

ಇನ್‌ಸ್ಟಾಗ್ರಾಂ ಪರಿಚಯಕ್ಕೆ ಕೊಡುವುದು 150 ಅಕ್ಷರ. ಅದರಲ್ಲಿ ಕವಿತೆ ಬೇಡ. ಏನು ಮಾಡುತ್ತೀರಿ, ಎಲ್ಲಿ, ಯಾವಾಗ, ಕೆಳಗೆ ನಿಮ್ಮ ಸೈಟಿನ ಲಿಂಕ್. ಪೋಸ್ಟಿನ ಬರಹಕ್ಕೆ 2,200 ಅಕ್ಷರ ಅವಕಾಶ ಇದ್ದರೂ ಒತ್ತದೆ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಹೇಳಬೇಕಾದ್ದನ್ನು ಅಲ್ಲೇ ಹೇಳಿ.

ಖಾತೆಗೆ ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡನ್ನೂ ಕೇಳುವುದು) ಹಾಕಿಡಿ. ಪೋಸ್ಟ್ ಮಾಡುವ ಹುಡುಗನಿಗೆ ಪಾಸ್‌ವರ್ಡ್ ಕೊಡಬೇಡಿ. ಫೇಸ್‌ಬುಕ್ ಪುಟದಲ್ಲಿ ಅವನಿಗೆ ಬೇಕಾದಷ್ಟೇ ಅಧಿಕಾರ ಕೊಡುವ ದಾರಿ ಸೆಟ್ಟಿಂಗ್‌ನಲ್ಲೇ ಇದೆ.

ಲೆಕ್ಕ ನೋಡುವುದು

ಫಾಲೋವರ್ ಸಂಖ್ಯೆ ನೋಡಿ ಖುಷಿಪಡಲು ಅಡ್ಡಿಯಿಲ್ಲ, ಆದರೆ ಅದು ವ್ಯಾಪಾರದ ಲೆಕ್ಕವಲ್ಲ. ಫೋನ್ ಮಾಡಿದವರನ್ನು "ನಮ್ಮ ಬಗ್ಗೆ ಎಲ್ಲಿ ನೋಡಿದ್ರಿ?" ಎಂದು ಕೇಳಿ ಅದೇ ನೋಟ್‌ಬುಕ್‌ನಲ್ಲಿ ಬರೆಯಿರಿ. ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೇವೆಗೆ ಸೈಟನ್ನು ಜೋಡಿಸಿದರೆ ಜನ ಯಾವ ಪದ ಹುಡುಕಿ ನಿಮ್ಮ ಪುಟಕ್ಕೆ ಬಂದರು ಎಂಬುದೂ ಸಿಗುತ್ತದೆ. ನೀವು 'ದ್ವಿಚಕ್ರ ದುರಸ್ತಿ' ಎಂದು ಬರೆದಿದ್ದು, ಜನ 'ಸೈಕಲ್ ರಿಪೇರಿ' ಎಂದು ಹುಡುಕುತ್ತಿದ್ದರೆ ಬದಲಾಗಬೇಕಾದವರು ನೀವು.

ತಿಂಗಳಿಗೊಮ್ಮೆ ನಿಮ್ಮ ಸೈಟನ್ನು ಬೇರೆಯವರ ಫೋನಿನಲ್ಲಿ ತೆರೆಯಿರಿ. ಫೋನ್ ಬಟನ್ ಒತ್ತಿ. ಮ್ಯಾಪ್ ಒತ್ತಿ. ಸಮಯ ಸರಿಯಿದೆಯಾ ನೋಡಿ. ಸಂಪರ್ಕದ ಫಾರ್ಮ್ ತುಂಬಿ ಒಂದು ಮೆಸೇಜ್ ಕಳಿಸಿ, ಅದು ನಿಮ್ಮ ಇಮೇಲ್‌ಗೆ ಬರುತ್ತಾ ಎಂದು ಕಾಯಿರಿ. ಐದು ನಿಮಿಷದಲ್ಲಿ ಬರದಿದ್ದರೆ ಸ್ಪ್ಯಾಮ್ ಫೋಲ್ಡರ್ ತೆಗೆದು ನೋಡಿ. ಅದರ ಕೆಳಗೆ ಹೋದ ತಿಂಗಳು ಗಿರಾಕಿಗಳು ಕಳಿಸಿದ್ದೂ ಬಿದ್ದಿರಬಹುದು.