ಮನೆಯಲ್ಲಿ ಖಾರಾ ಬಿಸ್ಕತ್ತು: ಒಂದು ಡಬ್ಬಿ ನಮಗೆ, ಒಂದು ಡಬ್ಬಿ ನೆಂಟರಿಗೆ

ಯಾರ ಮನೆಗಾದರೂ ಹೊರಟಾಗ ಬರಿಗೈಯಲ್ಲಿ ಹೋಗಬಾರದು ಎಂಬ ರೂಢಿ ನಮ್ಮಲ್ಲಿದೆ. ಆದರೆ ಏನನ್ನು ಒಯ್ಯಬೇಕು ಎನ್ನುವುದೇ ಪ್ರತಿ ಸಲದ ಪ್ರಶ್ನೆ. ಹೋಳಿಗೆ ಎರಡು ಮೂರು ದಿನಕ್ಕಿಂತ ಹೆಚ್ಚು ಉಳಿಯದು, ಕೋಡುಬಳೆ ಕರಿಯಲು ಅರ್ಧ ದಿನ ಒಲೆಯ ಮುಂದೆ ನಿಲ್ಲಬೇಕು, ಸಿಹಿ ಎಂದರೆ ಈಗ ಪ್ರತಿ ಮನೆಯಲ್ಲೂ ಒಬ್ಬರಾದರೂ ಬೇಡವೆನ್ನುತ್ತಾರೆ. ಈ ತೊಡಕುಗಳಿಗೆಲ್ಲ ನಾನು ಕಂಡುಕೊಂಡ ಉತ್ತರ ಖಾರಾ ಬಿಸ್ಕತ್ತು. ಹಾಸನ ಜಿಲ್ಲೆಯ ಹಳ್ಳಿಗಳಿಂದ ಬಂದ ಅಯ್ಯಂಗಾರ್ ಕುಟುಂಬಗಳು ಬೆಂಗಳೂರಿನಲ್ಲೂ ಇತರ ಊರುಗಳಲ್ಲೂ ತೆರೆದ ಬೇಕರಿಗಳಿಂದ ಈ ತಿನಿಸು ನಮಗೆಲ್ಲ ಪರಿಚಿತವಾಯಿತು. ಮೊಟ್ಟೆ ಹಾಕದೆ, ನಮ್ಮ ಒಗ್ಗರಣೆಯ ಕರಿಬೇವು, ಹಸಿಮೆಣಸಿನಕಾಯಿ, ಜೀರಿಗೆಗಳನ್ನೇ ಬಳಸಿ ಮಾಡುವುದರಿಂದ ಇದು ಹೊರಗಿನ ತಿಂಡಿ ಎಂದು ಯಾರಿಗೂ ಅನಿಸುವುದಿಲ್ಲ. ಮನೆಯಲ್ಲಿ ಮಾಡಲು ಒಂದೂವರೆ ಗಂಟೆ ಸಾಕು, ಅದರಲ್ಲಿ ಕೈ ಕೆಲಸ ಅರ್ಧ ಗಂಟೆಗಿಂತ ಹೆಚ್ಚಿಲ್ಲ.

ಸುಮಾರು 30 ಬಿಸ್ಕತ್ತಿಗೆ ಬೇಕಾಗುವ ಅಳತೆ ಹೀಗಿದೆ. ಮೈದಾ 250 ಗ್ರಾಂ, ಅಂದರೆ 240 ಮಿಲಿಲೀಟರ್ ಹಿಡಿಯುವ ಕಪ್ಪಿನಲ್ಲಿ ಎರಡು ಕಪ್ಪು, ಉಪ್ಪಿಲ್ಲದ ಬೆಣ್ಣೆ 125 ಗ್ರಾಂ, ಪುಡಿ ಮಾಡಿದ ಸಕ್ಕರೆ 25 ಗ್ರಾಂ, ಗಟ್ಟಿ ಮೊಸರು 3ರಿಂದ 4 ದೊಡ್ಡ ಚಮಚ, ಉಪ್ಪು ಒಂದು ಟೀ ಚಮಚ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಅಡುಗೆ ಸೋಡಾ ಒಂದು ಚಿಟಿಕೆ, ಜೀರಿಗೆ ಒಂದು ಟೀ ಚಮಚ, ಚಿಟಿಕೆ ಇಂಗು, ಹಸಿಮೆಣಸಿನಕಾಯಿ ಐದಾರು, ಕರಿಬೇವು ಎರಡು ಎಸಳು, ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೊಪ್ಪು ಎರಡು ದೊಡ್ಡ ಚಮಚ. ಖಾರದ ತಿನಿಸಿಗೆ ಸಕ್ಕರೆ ಏಕೆ ಎಂದು ಕೇಳುವವರಿದ್ದಾರೆ. ಮೆಣಸಿನಕಾಯಿಯ ಚುರುಕನ್ನು ತುಸು ತಗ್ಗಿಸುವುದರ ಜೊತೆಗೆ ಬಿಸ್ಕತ್ತಿಗೆ ಹೊಂಬಣ್ಣ ಬರಲು ನೆರವಾಗುವುದೂ ಇದೇ ಸಕ್ಕರೆ. ಬಿಟ್ಟರೂ ನಡೆಯುತ್ತದೆ, ಆದರೆ ಬಿಸ್ಕತ್ತು ಸ್ವಲ್ಪ ಪೇಲವವಾಗಿ ಕಾಣುತ್ತದೆ. ಮೊಸರಿಗೂ ಒಂದು ಕೆಲಸವಿದೆ. ಅದರ ಹುಳಿ ಸೋಡಾದೊಡನೆ ಸೇರಿದಾಗ ಹುಟ್ಟುವ ಅನಿಲವೇ ಹಿಟ್ಟನ್ನು ಒಳಗಿನಿಂದ ಹಗುರ ಮಾಡುತ್ತದೆ.

ಬೆಣ್ಣೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೆಚ್ಚಿನ ಬಿಸ್ಕತ್ತುಗಳು ಕೆಡುವುದು ಇಲ್ಲೇ. ಅಂಗಡಿಯಲ್ಲಿ ಬ್ರೆಡ್ಡಿಗೆ ಸವರಲೆಂದು ಮಾರುವ ಹಳದಿ ಬೆಣ್ಣೆಯಲ್ಲಿ ಸಾಮಾನ್ಯವಾಗಿ ಉಪ್ಪು ಇರುತ್ತದೆ; ಅದನ್ನು ಬಳಸುವುದಾದರೆ ಮೇಲೆ ಹೇಳಿದ ಉಪ್ಪನ್ನು ಅರ್ಧಕ್ಕೆ ಇಳಿಸಬೇಕು. ಮನೆಯಲ್ಲೇ ಕಡೆದ ಬೆಣ್ಣೆಯ ರುಚಿಗೆ ಸಾಟಿಯಿಲ್ಲ, ಆದರೆ ಅದರೊಳಗೆ ಮಜ್ಜಿಗೆ ಅಡಗಿ ಕುಳಿತಿರುತ್ತದೆ. ತಣ್ಣೀರಿನಲ್ಲಿ ನಾಲ್ಕೈದು ಸಲ ತೊಳೆದು, ತೊಳೆದ ನೀರು ತಿಳಿಯಾಗಿ ಬರುವ ತನಕ ಅಂಗೈಯಲ್ಲಿ ಒತ್ತಿ ಒತ್ತಿ ಹಿಂಡಿದ ಮೇಲೆಯೇ ಅದನ್ನು ತೂಗಬೇಕು, ಮತ್ತು ಮೊಸರನ್ನು ಒಂದು ಚಮಚ ಕಡಿಮೆ ಮಾಡಬೇಕು. ತುಪ್ಪವೇ ಇರುವುದೆಂದರೆ 100 ಗ್ರಾಂ ಸಾಕು, ಏಕೆಂದರೆ ಬೆಣ್ಣೆಯಲ್ಲಿ ಜಿಡ್ಡಿನ ಪಾಲು ಸುಮಾರು ನೂರಕ್ಕೆ ಎಂಬತ್ತು ಮಾತ್ರ, ಉಳಿದುದರಲ್ಲಿ ಹೆಚ್ಚಿನದು ನೀರು. ತುಪ್ಪದಲ್ಲಿ ಆ ನೀರು ಇರುವುದಿಲ್ಲ. ತುಪ್ಪ ಕಾಯಿಸಿದಂತೆ ದ್ರವವಾಗಿರದೆ ಹರಳುಗಟ್ಟಿರಬೇಕು. ಅನೇಕ ಬೇಕರಿಗಳಲ್ಲಿ ವನಸ್ಪತಿ ಹಾಕುತ್ತಾರೆ, ಬಿಸ್ಕತ್ತು ಬಹಳ ದಿನ ಗರಿಗರಿಯಾಗಿರುವುದೂ ನಿಜ, ಆದರೂ ನಾಲಿಗೆಯ ಮೇಲೆ ಉಳಿಯುವ ಆ ಮೇಣದಂಥ ಪದರ ನನಗೆ ಹಿಡಿಸದು.

ಎರಡನೆಯ ಎಚ್ಚರ ಸೊಪ್ಪಿನದು. ಕರಿಬೇವು, ಕೊತ್ತಂಬರಿ, ಮೆಣಸಿನಕಾಯಿಗಳನ್ನು ತೊಳೆದ ಕೂಡಲೇ ಹೆಚ್ಚಿ ಹಿಟ್ಟಿಗೆ ಸೇರಿಸಿದರೆ, ಅವುಗಳ ಮೇಲಿನ ನೀರೆಲ್ಲ ಹಿಟ್ಟಿನ ಪಾಲಾಗುತ್ತದೆ; ಅಂಥ ಬಿಸ್ಕತ್ತು ಬೇಯುವಾಗ ಚೆನ್ನಾಗಿ ಕಂಡರೂ ಮರುದಿನ ಮೆತ್ತಗಾಗುತ್ತದೆ. ಬೆಳಿಗ್ಗೆಯೇ ತೊಳೆದು ಬಟ್ಟೆಯ ಮೇಲೆ ಹರಡಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಒಣಗಿರುತ್ತವೆ. ಮೆಣಸಿನಕಾಯಿಯನ್ನು ಸೀಳಿ ಬೀಜ ತೆಗೆದು, ಆದಷ್ಟು ಸಣ್ಣಗೆ ಚಾಕುವಿನಿಂದಲೇ ಹೆಚ್ಚಬೇಕು. ಮಿಕ್ಸಿಗೆ ಹಾಕಿದರೆ ಬೇಗ ಆಗುತ್ತದೆ ಎಂಬ ಆಸೆ ಸಹಜ, ಆದರೆ ರುಬ್ಬಿದಾಗ ಅದರ ರಸ ಹೊರಬಂದು ಹಿಟ್ಟು ಒದ್ದೆಯಾಗುವುದಲ್ಲದೆ, ಅಲ್ಲಲ್ಲಿ ಹಲ್ಲಿಗೆ ಸಿಗುವ ಹಸಿರು ಚೂರುಗಳ ಸೊಗಸೂ ಹೋಗುತ್ತದೆ.

ಮೊದಲು ಮೈದಾ, ಬೇಕಿಂಗ್ ಪೌಡರ್ ಮತ್ತು ಸೋಡಾಗಳನ್ನು ಒಟ್ಟಿಗೆ ಎರಡು ಸಲ ಜರಡಿ ಹಿಡಿಯಬೇಕು. ಸೋಡಾ ಒಂದೆಡೆ ಗಂಟಾಗಿ ಉಳಿದರೆ ಆ ಬಿಸ್ಕತ್ತಿನಲ್ಲಿ ಸಾಬೂನಿನ ರುಚಿ ಬರುತ್ತದೆ. ಅಗಲವಾದ ಪಾತ್ರೆಯಲ್ಲಿ ಮೆದುವಾದ, ಆದರೆ ಕರಗದ ಬೆಣ್ಣೆಗೆ ಸಕ್ಕರೆ ಪುಡಿ ಮತ್ತು ಉಪ್ಪು ಸೇರಿಸಿ, ಬಣ್ಣ ತುಸು ಬೆಳ್ಳಗಾಗುವವರೆಗೆ ಮೂರು ನಾಲ್ಕು ನಿಮಿಷ ಕೈಯಿಂದಲೇ ತಿಕ್ಕಬೇಕು. ಬಳಿಕ ಎರಡು ಚಮಚ ಮೊಸರು, ಜೀರಿಗೆ, ಇಂಗು, ಹೆಚ್ಚಿದ ಸೊಪ್ಪು ಮತ್ತು ಮೆಣಸಿನಕಾಯಿಗಳನ್ನು ಬೆರೆಸಿ, ಕೊನೆಗೆ ಹಿಟ್ಟನ್ನು ಸೇರಿಸಬೇಕು. ಇಲ್ಲಿಂದ ಮುಂದೆ ನಾದಬಾರದು. ಚಪಾತಿ ಹಿಟ್ಟನ್ನು ನಾದಿ ನಾದಿ ಹದ ಮಾಡಿ ರೂಢಿಯಾದ ಕೈಗೆ ಇದು ಕಷ್ಟದ ಮಾತೇ ಸರಿ, ಆದರೆ ನಾದಿದಷ್ಟೂ ಮೈದಾದೊಳಗೆ ಜಿಗುಟು ಎಳೆಗಳು ಬೆಳೆದು ಬಿಸ್ಕತ್ತು ಕಲ್ಲಾಗುತ್ತದೆ. ಬೆರಳ ತುದಿಗಳಿಂದ ಕೂಡಿಸುತ್ತಾ, ಪುಡಿ ಪುಡಿಯಾಗಿಯೇ ಉಳಿದರೆ ಮಾತ್ರ ಉಳಿದ ಮೊಸರನ್ನು ಅರ್ಧರ್ಧ ಚಮಚದಂತೆ ಹಾಕಬೇಕು. ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗಿ ನಿಲ್ಲುವ, ಮುರಿದರೆ ಎಳೆ ಬಿಡದೆ ಒಡೆಯುವ ಹಂತವೇ ಸರಿಯಾದ ಹದ. ಉಂಡೆಯನ್ನು ಮುಚ್ಚಿ 20 ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಬೆಣ್ಣೆ ಬಿಗಿದುಕೊಂಡು ಕತ್ತರಿಸುವಾಗ ಅಂಚು ನೇರವಾಗಿ ಬರುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ, ಅದರಲ್ಲೂ ಬಳ್ಳಾರಿ, ಕಲಬುರಗಿಯಂಥ ಊರುಗಳಲ್ಲಿ ಇದನ್ನು ಬಿಡುವಂತೆಯೇ ಇಲ್ಲ.

ಲಟ್ಟಿಸುವಾಗ ಮೇಲೆ ಕೆಳಗೆ ಒಂದೊಂದು ಬೆಣ್ಣೆ ಕಾಗದವಿಟ್ಟುಕೊಂಡರೆ ಒಣ ಹಿಟ್ಟು ಉದುರಿಸುವ ಅಗತ್ಯ ಬೀಳದು. ದಪ್ಪ ಆರೇಳು ಮಿಲಿಮೀಟರಿನಷ್ಟು, ಎಲ್ಲ ಕಡೆಯೂ ಒಂದೇ ಸಮ ಇರಬೇಕು. ಐದು ಸೆಂಟಿಮೀಟರ್ ಅಗಲದ ಯಾವುದಾದರೂ ಡಬ್ಬಿಯ ಮುಚ್ಚಳದಿಂದ ಬಿಲ್ಲೆಗಳನ್ನು ಒತ್ತಿ, ಪ್ರತಿಯೊಂದಕ್ಕೂ ಫೋರ್ಕಿನಿಂದ ಮೂರು ನಾಲ್ಕು ಕಡೆ ಚುಚ್ಚಬೇಕು. ಒಳಗಿನ ಹಬೆ ಆ ತೂತುಗಳಿಂದ ಹೊರಹೋಗುವುದರಿಂದ ಬಿಸ್ಕತ್ತು ಪೂರಿಯಂತೆ ಉಬ್ಬುವುದಿಲ್ಲ.

ಓವನ್ನನ್ನು 170 ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಹದಿನೈದು ನಿಮಿಷ ಮೊದಲೇ ಕಾಯಿಸಿಟ್ಟುಕೊಂಡು, ನಡುವಿನ ಅಂತಸ್ತಿನಲ್ಲಿ 20ರಿಂದ 22 ನಿಮಿಷ ಬೇಯಿಸಬೇಕು. ಮೈಕ್ರೊವೇವ್ ಇರುವವರು ಕನ್ವೆಕ್ಷನ್ ವಿಧಾನವನ್ನೇ ಆರಿಸಿಕೊಳ್ಳಬೇಕು. ಬರೀ ಮೈಕ್ರೊ ಕಿರಣಗಳಲ್ಲಿ ಬಿಸ್ಕತ್ತಿಗೆ ಬಣ್ಣ ಬಾರದು. ಫ್ಯಾನ್ ತಿರುಗುವ ಓವನ್ನಿನಲ್ಲಿ ಶಾಖ 150ರಿಂದ 155 ಡಿಗ್ರಿ ಇದ್ದರೆ ಸಾಕು. ಸಣ್ಣ ಓವನ್ನುಗಳ ಗುಂಡಿ ತೋರಿಸುವ ಅಂಕಿಗೂ ಒಳಗಿನ ನಿಜವಾದ ಶಾಖಕ್ಕೂ ಹೊಂದಿಕೆ ಇರದಿರುವುದುಂಟು, ಆದ್ದರಿಂದ ಮೊದಲ ಸಲ ನಾಲ್ಕೇ ಬಿಸ್ಕತ್ತು ಇಟ್ಟು ನೋಡುವುದು ಜಾಣತನ. ಅಂಚು ಹೊಂಬಣ್ಣಕ್ಕೆ ತಿರುಗಿದಾಗ ನಡುವನ್ನು ಒತ್ತಿದರೆ ಇನ್ನೂ ಮೆತ್ತಗೇ ಇರುತ್ತದೆ. ಬೆಂದಿಲ್ಲವೆಂದು ಇನ್ನೈದು ನಿಮಿಷ ಬಿಟ್ಟವರಿಗೆ ಸೀದ ತಳ ಸಿಗುವುದು ಹೀಗೆಯೇ. ಗರಿ ಬರುವುದು ಆರಿದ ಮೇಲೆ. ಓವನ್ನನ್ನು ಆರಿಸಿ, ಬಾಗಿಲನ್ನು ಎರಡು ಬೆರಳಿನಷ್ಟು ತೆರೆದಿಟ್ಟು, ಇನ್ನೂ ಹತ್ತು ನಿಮಿಷ ಟ್ರೇಯನ್ನು ಅಲ್ಲೇ ಬಿಟ್ಟರೆ ಒಳಗೆ ಉಳಿದ ತೇವವೂ ಮೆಲ್ಲಗೆ ಆರಿಹೋಗುತ್ತದೆ. ಅಂಗಡಿಯ ಬಿಸ್ಕತ್ತಿನಷ್ಟೇ ಗರಿ ಬರಿಸುವ ಗುಟ್ಟು ಏನಾದರೂ ಇದ್ದರೆ ಈ ಹತ್ತು ನಿಮಿಷವೇ.

ಓವನ್ ಇಲ್ಲದ ಮನೆಯಲ್ಲಿಯೂ ಇದನ್ನು ಮಾಡಬಹುದು. ದಪ್ಪ ತಳದ ಹಳೆಯ ಡಬರಿಯೊಂದನ್ನು ಇದಕ್ಕಾಗಿಯೇ ಮೀಸಲಿಟ್ಟು, ತಳಕ್ಕೆ ಎರಡು ಸೆಂಟಿಮೀಟರಿನಷ್ಟು ಕಲ್ಲುಪ್ಪು ಹರಡಿ, ಅದರ ಮೇಲೆ ಪಾತ್ರೆಯ ಸ್ಟ್ಯಾಂಡ್ ಇಟ್ಟು, ಬಿಗಿಯಾಗಿ ಮುಚ್ಚಿ, ಮಧ್ಯಮ ಉರಿಯಲ್ಲಿ ಹತ್ತು ಹದಿನೈದು ನಿಮಿಷ ಕಾಯಿಸಬೇಕು. ಬಿಸ್ಕತ್ತು ಜೋಡಿಸಿದ ತಟ್ಟೆ ಡಬರಿಯ ಗೋಡೆಗೆ ತಾಗದಂತೆ ಇರಿಸಿ, ಉರಿ ಸಣ್ಣ ಮಾಡಿ 20 ನಿಮಿಷವಾದ ಮೇಲೆ ಒಂದೊಂದನ್ನೂ ಮಗುಚಿ, ಇನ್ನೂ ಎಂಟು ಹತ್ತು ನಿಮಿಷ ಬಿಡಬೇಕು, ಏಕೆಂದರೆ ಇಲ್ಲಿ ಮೇಲಿನಿಂದ ಶಾಖ ಬೀಳದೆ ಮೇಲ್ಮೈ ಬಿಳಿಚಿಕೊಂಡೇ ಇರುತ್ತದೆ. ಪ್ರೆಶರ್ ಕುಕ್ಕರನ್ನು ನೀರಿಲ್ಲದೆ ಹೀಗೆ ಕಾಯಿಸುವ ಪದ್ಧತಿ ಬಹಳ ಮನೆಗಳಲ್ಲಿದೆ. ಹಾಗೆ ಮಾಡುವುದಾದರೆ ಗ್ಯಾಸ್ಕೆಟ್ ಮತ್ತು ಸೀಟಿಯನ್ನು ತಪ್ಪದೆ ತೆಗೆದಿರಬೇಕು, ಆದರೆ ಬರಿದೇ ಕಾಯ್ದ ಕುಕ್ಕರಿನ ತಳ ಸೊಟ್ಟಗಾಗುವ ಸಂಭವವಿರುವುದರಿಂದ ದಿನ ಬಳಸುವ ಕುಕ್ಕರನ್ನು ಇದಕ್ಕೆ ಹಚ್ಚದಿರುವುದೇ ಲೇಸು. ಆ ಉಪ್ಪನ್ನು ತಣಿದ ಮೇಲೆ ಡಬ್ಬಿಗೆ ತುಂಬಿಟ್ಟರೆ ಎಷ್ಟೋ ಸಲ ಇದೇ ಕೆಲಸಕ್ಕೆ ಬರುತ್ತದೆ, ಅಡುಗೆಗೆ ಮಾತ್ರ ಬೇಡ.

ಒಮ್ಮೆ ಚಿಕ್ಕಮ್ಮನ ಮನೆಗೆ ಹೊರಡುವ ಅವಸರದಲ್ಲಿ ಬಿಸಿ ಬಿಸಿ ಬಿಸ್ಕತ್ತನ್ನೇ ಡಬ್ಬಿಗೆ ತುಂಬಿ ಮುಚ್ಚಿದ್ದೆ. ಅಲ್ಲಿ ತೆರೆದಾಗ ಮುಚ್ಚಳದೊಳಗೆ ನೀರಿನ ಹನಿಗಳು, ಕೆಳಗೆ ಬನ್ನಿನಂತೆ ಬಾಗುವ ಬಿಸ್ಕತ್ತು. ಚಿಕ್ಕಮ್ಮ ಏನೂ ಅನ್ನದೆ ಕಾಫಿಗೆ ಅದ್ದಿಕೊಂಡು ತಿಂದರು. ಆಗಿನಿಂದ ತಂತಿ ಜಾಲರಿಯ ಮೇಲೆ ಒಂದು ಗಂಟೆಯಾದರೂ ಆರಿಸದೆ ನಾನು ಡಬ್ಬಿ ಮುಟ್ಟುವುದಿಲ್ಲ. ಮಳೆಗಾಲದ ಕರಾವಳಿ, ಮಲೆನಾಡುಗಳಲ್ಲಿ ಎಷ್ಟೇ ಜೋಪಾನ ಮಾಡಿದರೂ ಗಾಳಿಯ ತೇವ ಒಳನುಗ್ಗುತ್ತದೆ. ಆಗ 120 ಡಿಗ್ರಿಯಲ್ಲಿ ಹತ್ತು ನಿಮಿಷ ಮತ್ತೆ ಬಿಸಿ ಮಾಡಿ ಆರಿಸಿದರೆ ಗರಿ ಮರಳುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಎರಡು ವಾರ ಇಡಬಹುದು.

ಮಕ್ಕಳಿರುವ ಮನೆಗೆ ಕೊಡುವುದಾದರೆ, ಮೆಣಸಿನಕಾಯಿ ಬೆರೆಸುವ ಮುನ್ನವೇ ಬೆಣ್ಣೆಯ ಮಿಶ್ರಣ ಮತ್ತು ಜರಡಿ ಹಿಡಿದ ಹಿಟ್ಟು ಎರಡರಲ್ಲೂ ಒಂದೊಂದು ಪಾಲನ್ನು ತೆಗೆದಿಟ್ಟು, ಅದಕ್ಕೆ ಓಮ ಅಥವಾ ಬರೀ ಜೀರಿಗೆ ಸೇರಿಸಿ ಕಲಸಿ ಚೌಕವಾಗಿ ಕತ್ತರಿಸಬೇಕು. ಆಕಾರ ಬೇರೆಯಾದರೆ ಡಬ್ಬಿಯಲ್ಲಿ ಯಾವುದು ಯಾರದೆಂದು ಗೊಂದಲವಾಗದು. ಮೈದಾ ಬೇಡವೆನ್ನುವವರು ಅರ್ಧ ಪಾಲು ಗೋಧಿ ಹಿಟ್ಟು ಹಾಕಿಕೊಳ್ಳಬಹುದು. ಅದು ಹೆಚ್ಚು ತೇವ ಹೀರುವುದರಿಂದ ಮೊಸರು ಒಂದು ಚಮಚ ಹೆಚ್ಚು ಬೇಕು, ಬಿಸ್ಕತ್ತೂ ತುಸು ಗಡುಸಾಗುತ್ತದೆ. ರಾಗಿ ಹಿಟ್ಟಿನಲ್ಲಿ ಹಿಡಿದಿಡುವ ಜಿಗುಟು ಇಲ್ಲದ ಕಾರಣ 60 ಗ್ರಾಂ ಮೀರಿದರೆ ಎತ್ತುವಾಗಲೇ ಪುಡಿಯಾಗುತ್ತದೆ, ಆದರೆ ಅಷ್ಟರಲ್ಲೇ ಅದರ ಹುರಿದ ಘಮ ಚೆನ್ನಾಗಿ ಬರುತ್ತದೆ.

ಓವನ್ ಹೇಗೂ ಕಾದಿರುತ್ತದೆಯಾದ್ದರಿಂದ ಶಾಖವನ್ನು ತುಸು ತಗ್ಗಿಸಿ ನಾನ್‌ಖಟಾಯಿಯನ್ನೂ ಮಾಡಿ ಮುಗಿಸಬಹುದು. ಹರಳುಗಟ್ಟಿದ ತುಪ್ಪ 110 ಗ್ರಾಂ ಮತ್ತು ಸಕ್ಕರೆ ಪುಡಿ 80 ಗ್ರಾಂಗಳನ್ನು ನೊರೆಯಂತಾಗುವವರೆಗೆ ತಿಕ್ಕಿ, ಮೈದಾ 150 ಗ್ರಾಂ, ಕಡಲೆ ಹಿಟ್ಟು 30 ಗ್ರಾಂ, ಚಿರೋಟಿ ರವೆ 20 ಗ್ರಾಂ, ಅರ್ಧ ಟೀ ಚಮಚ ಬೇಕಿಂಗ್ ಪೌಡರ್, ಏಲಕ್ಕಿ ಪುಡಿ ಸೇರಿಸಿ, ನಿಂಬೆ ಗಾತ್ರಕ್ಕಿಂತ ಚಿಕ್ಕ ಉಂಡೆಗಳನ್ನು ಮಾಡಿ, ತುಸು ಒತ್ತಿ, 160 ಡಿಗ್ರಿಯಲ್ಲಿ 18ರಿಂದ 20 ನಿಮಿಷ ಬೇಯಿಸಿದರಾಯಿತು. ಮೇಲ್ಭಾಗ ಬಿರುಕು ಬಿಡುವುದು ಸರಿಯಾದ ಲಕ್ಷಣ.

ಖಾರದ್ದನ್ನೂ ಸಿಹಿಯನ್ನೂ ಒಂದೇ ಡಬ್ಬಿಗೆ ತುಂಬಬಾರದು. ಒಂದೇ ರಾತ್ರಿಯಲ್ಲಿ ನಾನ್‌ಖಟಾಯಿಗೆ ಇಂಗಿನ ವಾಸನೆ ಹತ್ತುತ್ತದೆ. ಸ್ಟೀಲಿನ ಡಬ್ಬಿಯಾದರೆ ತಳಕ್ಕೆ ಬೆಣ್ಣೆ ಕಾಗದ ಹಾಸಿ, ಬಿಸ್ಕತ್ತುಗಳನ್ನು ಮಲಗಿಸದೆ ನಾಣ್ಯಗಳಂತೆ ನಿಲ್ಲಿಸಿ ಜೋಡಿಸಿ, ಉಳಿದ ಜಾಗಕ್ಕೆ ಕಾಗದ ತುರುಕಿದರೆ ಬಸ್ಸಿನ ಕುಲುಕಾಟಕ್ಕೂ ಒಡೆಯುವುದಿಲ್ಲ. ಕೊಟ್ಟ ಡಬ್ಬಿ ಬರಿದಾಗಿ ಹಿಂದಿರುಗುವುದು ಕಡಿಮೆ, ಅದರಲ್ಲಿ ಉಪ್ಪಿನಕಾಯಿಯೋ ಚಟ್ನಿಪುಡಿಯೋ ಬಂದೇ ಬರುತ್ತದೆ, ಆದ್ದರಿಂದ ಒಳ್ಳೆಯ ಡಬ್ಬಿಯನ್ನೇ ಕೊಡಲು ಹಿಂಜರಿಯಬೇಕಿಲ್ಲ. ಒಡೆದ ಚೂರುಗಳು ಮನೆಯವರಿಗೆ. ಅವುಗಳಿಗೆ ಹೆಚ್ಚಿದ ಈರುಳ್ಳಿ, ಟೊಮೇಟೊ, ಕ್ಯಾರೆಟ್ ತುರಿ, ಕೊತ್ತಂಬರಿ ಹಾಕಿ ನಿಂಬೆಹಣ್ಣು ಹಿಂಡಿದರೆ ಚುರುಮುರಿಯಂಥ ತಿಂಡಿಯಾಗುತ್ತದೆ, ಕಲಸಿದ ಕೂಡಲೇ ತಿನ್ನಬೇಕು.