ಕರ್ತಾರ್‌ಪುರ ಸಾಹಿಬ್ ಯಾತ್ರೆಗೆ ಸಿದ್ಧತೆ ಹೇಗೆ?

ಗುರು ನಾನಕರು ತಮ್ಮ ಬದುಕಿನ ಕೊನೆಯ ಸುಮಾರು 18 ವರ್ಷಗಳನ್ನು ಕಳೆದು, ಸ್ವತಃ ಹೊಲ ಉತ್ತು, 1539ರಲ್ಲಿ ದೇಹ ಬಿಟ್ಟ ಸ್ಥಳ ಕರ್ತಾರ್‌ಪುರ. ಅಲ್ಲಿನ ಗುರುದ್ವಾರ ದರ್ಬಾರ್ ಸಾಹಿಬ್ ಇಂದು ಪಾಕಿಸ್ತಾನದ ನಾರೋವಾಲ್ ಜಿಲ್ಲೆಯಲ್ಲಿದ್ದು, ಭಾರತದ ಗಡಿಯಿಂದ ನಾಲ್ಕೈದು ಕಿಲೋಮೀಟರ್ ಮಾತ್ರ ದೂರವಿದೆ. ಇಷ್ಟು ಸಮೀಪದ ಕ್ಷೇತ್ರಕ್ಕೆ ಹೋಗಿಬರಲು ಬೇಕಾಗುವ ಶ್ರಮದ ಬಹುಪಾಲು ಮನೆ ಬಿಡುವ ಮೊದಲೇ ಮುಗಿಯಬೇಕು.

ಎಲ್ಲಕ್ಕಿಂತ ಮೊದಲು ಮಾರ್ಗ ತೆರೆದಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಪಂಜಾಬಿನ ಗುರುದಾಸ್‌ಪುರ ಜಿಲ್ಲೆಯ ಡೇರಾ ಬಾಬಾ ನಾನಕ್ ಪಟ್ಟಣದಿಂದ ಗಡಿ ದಾಟಿ ಗುರುದ್ವಾರಕ್ಕೆ ಸಾಗುವ ಈ ಯಾತ್ರಾ ಮಾರ್ಗ, ಅಂದರೆ ಕಾರಿಡಾರ್, ನಾನಕರ 550ನೇ ಜಯಂತಿಯ ಹೊತ್ತಿಗೆ, 2019ರ ನವೆಂಬರ್ 9ರಂದು ಉದ್ಘಾಟನೆಗೊಂಡಿತು. ಕೋವಿಡ್ ಕಾರಣದಿಂದ 2020ರ ಮಾರ್ಚ್‌ನಲ್ಲಿ ಮುಚ್ಚಿ, 2021ರ ನವೆಂಬರ್‌ನಲ್ಲಿ ಮತ್ತೆ ತೆರೆಯಿತು. ಉಭಯ ದೇಶಗಳು 2024ರಲ್ಲಿ ಒಪ್ಪಂದವನ್ನು ಇನ್ನೂ ಐದು ವರ್ಷಗಳಿಗೆ ವಿಸ್ತರಿಸಿಕೊಂಡರೂ, ಗಡಿಯ ಭದ್ರತಾ ಪರಿಸ್ಥಿತಿಯಿಂದಾಗಿ 2025ರ ಮೇ 7ರಂದು ಭಾರತ ಯಾತ್ರೆಯನ್ನು ಸ್ಥಗಿತಗೊಳಿಸಿತು. ಆದ್ದರಿಂದ ಒಪ್ಪಂದ ಜಾರಿಯಲ್ಲಿದೆ ಎಂದ ಮಾತ್ರಕ್ಕೆ ಬಾಗಿಲು ತೆರೆದಿದೆ ಎಂದು ತಿಳಿಯಬಾರದು. ಕೇಂದ್ರ ಗೃಹ ಸಚಿವಾಲಯದ ‘ಪ್ರಕಾಶ್ ಪುರಬ್ 550’ ಜಾಲತಾಣವನ್ನು ನೋಡದೆ ಯಾವ ಪ್ರವಾಸ ಸಂಸ್ಥೆಗೂ ಮುಂಗಡ ಕೊಡಬೇಡಿ.

ಮಾರ್ಗ ತೆರೆದಿರುವಾಗ ಯಾವುದೇ ಧರ್ಮದ ಭಾರತೀಯರೂ ವೀಸಾ ಇಲ್ಲದೆ ಹೋಗಬಹುದು. ಆದರೆ ಊರ್ಜಿತದಲ್ಲಿರುವ ಪಾಸ್‌ಪೋರ್ಟ್ ಬೇಕೇ ಬೇಕು. ವಿದೇಶದಲ್ಲಿ ನೆಲೆಸಿರುವ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಓಸಿಐ ಕಾರ್ಡು ಹೊಂದಿರುವ ಕನ್ನಡಿಗರು ಕಾರ್ಡಿನ ಜೊತೆಗೆ ತಮ್ಮ ದೇಶದ ಪಾಸ್‌ಪೋರ್ಟನ್ನೂ ಒಯ್ಯಬೇಕು. ಅದೇ ಜಾಲತಾಣದಲ್ಲಿ ದಿನಾಂಕ ಆರಿಸಿ, ಭಾವಚಿತ್ರ ಹಾಗೂ ಪಾಸ್‌ಪೋರ್ಟ್ ಪ್ರತಿಗಳೊಂದಿಗೆ ಅರ್ಜಿ ಸಲ್ಲಿಸಬೇಕು. ದಿನಕ್ಕೆ 5,000 ಯಾತ್ರಿಕರವರೆಗೆ ಅವಕಾಶವಿರುವುದರಿಂದ ಸಾಮಾನ್ಯ ದಿನಗಳಲ್ಲಿ ಜಾಗ ಸಿಗುವುದು ಕಷ್ಟವಲ್ಲ. ಕಷ್ಟವಿರುವುದು ಇನ್ನೊಂದೆಡೆ: ಪರಿಶೀಲನೆ ಮುಗಿದು ವಿದ್ಯುನ್ಮಾನ ಪ್ರಯಾಣ ಅನುಮತಿ ಕೈಗೆ ಬರುವುದು ಪ್ರಯಾಣಕ್ಕೆ ಮೂರು ನಾಲ್ಕು ದಿನಗಳಿರುವಾಗ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಹೊರಡುವವರು ಅಷ್ಟರವರೆಗೆ ಟಿಕೆಟ್ ತೆಗೆಸದೆ ಕೂರಲಾಗದು. ಹೀಗಾಗಿ ಅನುಮತಿ ಬಾರದಿದ್ದರೂ ವ್ಯರ್ಥವೆನಿಸದಂತೆ ಅಮೃತಸರದ ಪ್ರವಾಸವನ್ನೇ ಮುಖ್ಯವಾಗಿಟ್ಟುಕೊಂಡು, ಅದರ ನಡುವಿನ ಒಂದು ದಿನವನ್ನು ಕರ್ತಾರ್‌ಪುರಕ್ಕೆ ಮೀಸಲಿಡುವುದು ಜಾಣತನ. ಅಮೃತಸರದಿಂದ ಡೇರಾ ಬಾಬಾ ನಾನಕ್‌ಗೆ ಸುಮಾರು 50 ಕಿಲೋಮೀಟರ್. ರೈಲು ಮಾರ್ಗವೂ ಇದೆ.

ಪಾಕಿಸ್ತಾನ ಪ್ರತಿ ಯಾತ್ರಿಕರಿಂದ 20 ಅಮೆರಿಕನ್ ಡಾಲರ್ ಸೇವಾ ಶುಲ್ಕ ಪಡೆಯುತ್ತದೆ. ಇದನ್ನು ಕೈಬಿಡುವಂತೆ ಭಾರತ ಹಲವು ಬಾರಿ ಕೇಳಿದೆಯಾದರೂ, ನಿಯಮ ಬದಲಾಗಿದೆಯೆಂಬ ಅಧಿಕೃತ ಪ್ರಕಟಣೆ ಬರುವವರೆಗೂ ಡಾಲರ್‌ಗಳನ್ನು ಮುಂಚಿತವಾಗಿ ಜೋಡಿಸಿಟ್ಟುಕೊಳ್ಳಿ. ನಗದು 11,000 ರೂಪಾಯಿಯನ್ನೂ, ಚೀಲ ಏಳು ಕಿಲೋವನ್ನೂ ಮೀರಬಾರದು. ಹದಿಮೂರು ವರ್ಷದೊಳಗಿನ ಮಕ್ಕಳು ಮತ್ತು ಎಪ್ಪತ್ತೈದು ದಾಟಿದ ಹಿರಿಯರು ಒಬ್ಬೊಬ್ಬರೇ ಹೋಗುವಂತಿಲ್ಲ, ಗುಂಪಿನಲ್ಲಿರಬೇಕು.

ಬೆಳಿಗ್ಗೆ ಭಾರತದ ಟರ್ಮಿನಲ್‌ನಲ್ಲಿ ವಲಸೆ ಮತ್ತು ಕಸ್ಟಮ್ಸ್ ತಪಾಸಣೆ ಮುಗಿಸಿ, ಗಡಿರೇಖೆಯನ್ನು ದಾಟಿ, ಆ ಕಡೆಯ ತಪಾಸಣೆಯ ನಂತರ ಬಸ್ಸಿನಲ್ಲಿ ಗುರುದ್ವಾರ ತಲುಪುತ್ತೀರಿ. ಅದೇ ಸಂಜೆ ಮರಳಬೇಕು. ರಾತ್ರಿ ತಂಗುವಂತಿಲ್ಲ, ಆವರಣ ಬಿಟ್ಟು ಹೊರಹೋಗುವಂತಿಲ್ಲ. ಲಾಹೋರನ್ನೂ ನಾನಕರ ಜನ್ಮಸ್ಥಳವಾದ ನನ್‌ಕಾನಾ ಸಾಹಿಬನ್ನೂ ನೋಡಬೇಕೆನ್ನುವವರದು ಬೇರೆಯೇ ದಾರಿ: 1974ರ ಉಭಯ ದೇಶಗಳ ಒಡಂಬಡಿಕೆಯಡಿ ವೀಸಾ ಪಡೆದು ಅಟ್ಟಾರಿ–ವಾಘಾ ಮೂಲಕ ಸಾಗುವ ಯಾತ್ರಿಕರ ತಂಡಗಳಾದ ‘ಜತ್ಥಾ’ಗಳನ್ನು ಅವರು ಸೇರಬೇಕು.

ಗುರುದ್ವಾರದಲ್ಲಿ ತಲೆಗೆ ವಸ್ತ್ರ, ಬರಿಗಾಲು, ತಂಬಾಕು–ಮದ್ಯಗಳಿಂದ ದೂರ, ಇವಿಷ್ಟು ಶಿಸ್ತು. ಬೀದರ್‌ನ ನಾನಕ್ ಝೀರಾ ಸಾಹಿಬ್‌ಗೆ ಹೋಗಿಬಂದವರಿಗೆ ಇದೇನೂ ಹೊಸದಲ್ಲ. ನಿಧಾನವಾಗಿ ನೋಡಬೇಕಾದದ್ದು ಇಲ್ಲಿನ ಸಮಾಧಿ ಮತ್ತು ಗೋರಿಗಳನ್ನು. ನಾನಕರ ಅಂತ್ಯಕ್ರಿಯೆ ಯಾರ ರೀತಿಯಲ್ಲಿ ನಡೆಯಬೇಕೆಂದು ಹಿಂದೂಗಳೂ ಮುಸ್ಲಿಮರೂ ವಾದಿಸಿದಾಗ, ಹೊದಿಕೆಯಡಿ ದೇಹದ ಬದಲು ಹೂಗಳಷ್ಟೇ ಇದ್ದವೆಂದೂ, ಇಬ್ಬರೂ ಅವನ್ನು ಹಂಚಿಕೊಂಡು ಒಬ್ಬರು ಸುಟ್ಟು, ಇನ್ನೊಬ್ಬರು ಹೂಳಿದರೆಂದೂ ಪ್ರತೀತಿಯಿದೆ. ಈ ಕಥೆಯನ್ನು ತಿಳಿದು ಒಳಗೆ ಹೋದರೆ, ಒಂದೇ ಆವರಣದಲ್ಲಿ ಎರಡು ಸ್ಮಾರಕಗಳು ಏಕಿವೆ ಎಂಬುದು ತಾನಾಗಿ ತಿಳಿಯುತ್ತದೆ. ಗುರುಗಳ ಕಾಲದ್ದೆಂದು ನಂಬಲಾದ ಬಾವಿ, ಸರೋವರ ಹಾಗೂ ಅವರ ಬೇಸಾಯದ ನೆನಪಿಗೆ ಉಳಿಸಿಕೊಂಡಿರುವ ಹೊಲವನ್ನು ಸುತ್ತಿ, ಗುರುದ್ವಾರದ ಸಾಮೂಹಿಕ ಊಟವಾದ ಲಂಗರ್‌ನಲ್ಲಿ ಕುಳಿತು ಉಣ್ಣಲು ಸಮಯ ಉಳಿಸಿಕೊಳ್ಳಿ. ದೇಶ ವಿಭಜನೆಯಲ್ಲಿ ಬೇರ್ಪಟ್ಟ ಬಂಧುಗಳು ದಶಕಗಳ ನಂತರ ಭೇಟಿಯಾದದ್ದೂ ಇದೇ ಅಂಗಳದಲ್ಲಿ. ಅಂಥವರು ಕಂಡರೆ ಮೊಬೈಲ್ ಹಿಡಿದು ಮುತ್ತಿಕೊಳ್ಳದಿರುವುದು ಸೌಜನ್ಯ.

ಮಾರ್ಗ ಮುಚ್ಚಿರುವಾಗಲೂ ಡೇರಾ ಬಾಬಾ ನಾನಕ್‌ಗೆ ಹೋಗಲು ಕಾರಣಗಳಿವೆ. ನಾನಕರದೆಂದು ನಂಬಲಾದ ನಿಲುವಂಗಿಯನ್ನು ಕಾಪಾಡಿರುವ ಚೋಲಾ ಸಾಹಿಬ್ ಗುರುದ್ವಾರ ಆ ಪಟ್ಟಣದಲ್ಲೇ ಇದೆ. ಕಾರಿಡಾರ್‌ಗೆ ಮೊದಲು ಭಕ್ತರು ಗಡಿಯಂಚಿನಿಂದ ದುರ್ಬೀನಿನಲ್ಲಿ ಕರ್ತಾರ್‌ಪುರದ ಬಿಳಿ ಗುಮ್ಮಟಗಳನ್ನು ನೋಡಿ ಕೈಮುಗಿಯುತ್ತಿದ್ದರು. ಇಂದು ಅಲ್ಲಿಯವರೆಗೆ ಬಿಡುತ್ತಾರೆಯೇ ಎಂಬುದನ್ನು ಸ್ಥಳದ ಗಡಿ ಭದ್ರತಾ ಪಡೆಯ ಸಿಬ್ಬಂದಿಯಿಂದ ಕೇಳಿ ತಿಳಿಯಬೇಕು. ಡಿಸೆಂಬರ್–ಜನವರಿಯ ದಟ್ಟ ಮಂಜಿನಲ್ಲಿ ಆಚೆಯದೇನೂ ಕಾಣದಿರುವ ಸಾಧ್ಯತೆ ಹೆಚ್ಚು. ದೂರದಿಂದ ನೋಡಲೆಂದೇ ಹೋಗುವವರು ಅಕ್ಟೋಬರ್ ಅಥವಾ ಮಾರ್ಚ್ ತಿಂಗಳನ್ನು ಆರಿಸಿಕೊಳ್ಳುವುದು ಉತ್ತಮ.